ರಕ್ತದ ಕೊಬ್ಬು ಮೇದೋಜೀರಕವನ್ನು ಸುಟ್ಟಾಗ

ಮೇದೋಜೀರಕ ಗ್ರಂಥಿಗೆ ಇದ್ದಕ್ಕಿದ್ದಂತೆ ಉರಿಯೂತ ಬರುವುದಕ್ಕೆ ಹೆಚ್ಚಾಗಿ ಕಂಡುಬರುವ ಕಾರಣಗಳು ಎರಡು: ಪಿತ್ತಕೋಶದ ಕಲ್ಲು ಮತ್ತು ಮದ್ಯ. ಮೂರನೆಯ ಸ್ಥಾನ ರಕ್ತದಲ್ಲಿ ಅತಿಯಾಗಿ ಏರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನದು. ಹತ್ತು ರೋಗಿಗಳಲ್ಲಿ ಒಬ್ಬರವರೆಗೂ ಇದೇ ಕಾರಣ ಇರುತ್ತದೆ. ಗರ್ಭಿಣಿಯರಲ್ಲಿ ಇದರ ಪಾಲು ಇನ್ನೂ ಹೆಚ್ಚು. ಕಲ್ಲಿದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ, ಕುಡಿತವಿದ್ದರೆ ಮನೆಯವರು ಹೇಳುತ್ತಾರೆ. ಟ್ರೈಗ್ಲಿಸರೈಡ್ ಹಾಗಲ್ಲ. ಆಸ್ಪತ್ರೆಗೆ ಸೇರಿದ ಮೊದಲ ದಿನವೇ ಅಳೆಯದಿದ್ದರೆ ಎರಡು ಮೂರು ದಿನಗಳ ಉಪವಾಸದಲ್ಲಿ ಅದು ತಾನೇ ಇಳಿದುಬಿಡುತ್ತದೆ. ರೋಗಿ ಗುಣವಾಗಿ ಮನೆಗೆ ಹೋಗುತ್ತಾನೆ, ಕಾರಣ ಮಾತ್ರ ಅವನ ಜೊತೆಯಲ್ಲೇ ಹೋಗುತ್ತದೆ. ಕೆಲವು ತಿಂಗಳ ಬಳಿಕ ಅದೇ ನೋವು ಮತ್ತೆ ಬರುತ್ತದೆ.

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ದೇವನಕೊಂಡ, ಆಲೂರು, ಆದೋನಿಯಂಥ ಊರುಗಳಿಗೆ ಈ ಕಾಯಿಲೆಯಲ್ಲಿ ದಾರಿಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದ ದಿನ ಅವು ಅತ್ತ ಸೇರಿದವು, ಮನೆಮಾತು ಕನ್ನಡವಾಗಿದ್ದ ಕುಟುಂಬಗಳು ಇದ್ದಲ್ಲೇ ಉಳಿದವು. ಇವತ್ತಿಗೂ ದೊಡ್ಡ ಕಾಯಿಲೆ ಬಂದಾಗ ಈ ಭಾಗದ ಜನರ ಮುಂದೆ ಎರಡು ದಿಕ್ಕುಗಳಿವೆ. ಒಂದು, 1957ರಲ್ಲಿ ಶುರುವಾದ ಕರ್ನೂಲು ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ. ಇನ್ನೊಂದು, 1961ರಲ್ಲಿ ಶುರುವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಆದೋನಿಯವರಿಗೆ ಬಳ್ಳಾರಿಯೇ ಹತ್ತಿರ; ದೇವನಕೊಂಡದವರಿಗೆ ಕರ್ನೂಲು ಹತ್ತಿರ. 108 ಆಂಬುಲೆನ್ಸ್ ಸೇವೆ 2005ರ ಆಗಸ್ಟ್‌ನಲ್ಲಿ ಆಂಧ್ರದಲ್ಲೇ ಮೊದಲು ಆರಂಭವಾದದ್ದು ಈ ದೂರವನ್ನು ಸ್ವಲ್ಪ ಕಡಿಮೆ ಮಾಡಿದೆ. ಆದರೂ ಹೊಟ್ಟೆನೋವಿನ ಮೊದಲ ಕೆಲವು ಗಂಟೆಗಳು ಊರಿನ ಆರ್‌ಎಂಪಿ ಡಾಕ್ಟರ ಬಳಿಯೋ ಔಷಧಿ ಅಂಗಡಿಯ ಗ್ಯಾಸ್ಟ್ರಿಕ್ ಮಾತ್ರೆಯಲ್ಲೋ ಕಳೆಯುವುದೇ ಹೆಚ್ಚು. ಈ ರೋಗದಲ್ಲಿ ಆ ಗಂಟೆಗಳಿಗೆ ಬೆಲೆ ಬಹಳ.

ಮೇದೋಜೀರಕ ಜಠರದ ಹಿಂದೆ, ಬೆನ್ನೆಲುಬಿಗೆ ಅಂಟಿದಂತೆ ಅಡ್ಡಲಾಗಿ ಮಲಗಿರುವ ಗ್ರಂಥಿ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ 100 ಗ್ರಾಂ ಮುಟ್ಟುವುದೂ ಕಷ್ಟ. ದಿನಕ್ಕೆ ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನು ಅದು ಕರುಳಿಗೆ ಸುರಿಸುತ್ತದೆ. ಪಿಷ್ಟವನ್ನು ಒಡೆಯುವ ಅಮೈಲೇಸ್, ಕೊಬ್ಬನ್ನು ಒಡೆಯುವ ಲೈಪೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಲ್ಲ ಅದರಲ್ಲಿರುತ್ತವೆ. ಟ್ರಿಪ್ಸಿನ್‌ನಂಥ ಕಿಣ್ವಗಳು ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲಿದ್ದು, ಕರುಳನ್ನು ಮುಟ್ಟಿದ ಮೇಲೆ ಎಚ್ಚರಗೊಳ್ಳಬೇಕು. ಯಾವುದೋ ಕಾರಣಕ್ಕೆ ಒಳಗೇ ಎಚ್ಚರಗೊಂಡರೆ ಅವು ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ ಈ ರೋಗವನ್ನು ವಿವರವಾಗಿ ಬಣ್ಣಿಸಿದ್ದು 1889ರಲ್ಲಿ. ಅದಕ್ಕೂ ಮುಂಚೆಯೇ, 1865ರಲ್ಲಿ, ಇಂಥ ಒಬ್ಬ ರೋಗಿಯ ರಕ್ತ ಕೊಬ್ಬಿನಿಂದ ತುಂಬಿದ್ದ ಸಂಗತಿ ಜರ್ಮನ್ ವೈದ್ಯಕೀಯ ಬರಹದಲ್ಲಿ ದಾಖಲಾಗಿತ್ತು.

ಟ್ರೈಗ್ಲಿಸರೈಡ್ ಎಂದರೆ ಅಡುಗೆ ಎಣ್ಣೆಯಲ್ಲಿರುವ ಕೊಬ್ಬೇ. ಊಟದ ಕೊಬ್ಬು ಕರುಳಿನಿಂದ ಕೈಲೋಮೈಕ್ರಾನ್ ಎಂಬ ದೊಡ್ಡ ಕಣಗಳಾಗಿ ರಕ್ತ ಸೇರುತ್ತದೆ. ಹೆಚ್ಚಾದ ಸಕ್ಕರೆ ಮತ್ತು ಮದ್ಯದಿಂದ ಯಕೃತ್ತು ತಯಾರಿಸುವ ಕೊಬ್ಬು ವಿಎಲ್‌ಡಿಎಲ್ ಕಣಗಳಾಗಿ ಬರುತ್ತದೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶದ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯಲ್ಲಿ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವಿದೆ. ಎರಡೂ ಬಗೆಯ ಕಣಗಳನ್ನು ಒಡೆದು ರಕ್ತವನ್ನು ತಿಳಿಯಾಗಿಸುವುದು ಅದರ ಕೆಲಸ. ಉಪವಾಸದಲ್ಲಿ ತೆಗೆದ ರಕ್ತದ ಡೆಸಿಲೀಟರಿನಲ್ಲಿ 150 ಮಿಲಿಗ್ರಾಂಗಿಂತ ಕಡಿಮೆ ಟ್ರೈಗ್ಲಿಸರೈಡ್ ಇದ್ದರೆ ಸರಿ. 500 ದಾಟಿದರೆ ತೀವ್ರ ಏರಿಕೆ. ಅಲ್ಲಿಂದ ಮುಂದೆ ಕಿಣ್ವದ ದುಡಿಮೆಗೂ ಒಂದು ಮಿತಿ ಬಂದುಬಿಡುತ್ತದೆ: 500ರಿಂದ 800ರ ನಡುವೆ ಅದರ ಸಾಮರ್ಥ್ಯವೆಲ್ಲ ಬಳಕೆಯಾಗಿರುತ್ತದೆ, ಆಮೇಲೆ ಬಂದ ಒಂದು ಎಣ್ಣೆಯ ಊಟವೂ ಮಟ್ಟವನ್ನು ಎಗರಿಸುತ್ತದೆ. ಹಬ್ಬದ ಮರುದಿನ ಅಥವಾ ಮದುವೆ ಊಟದ ರಾತ್ರಿ ಈ ನೋವು ಶುರುವಾಗುವುದರ ಗುಟ್ಟು ಇದೇ. 1000 ದಾಟಿದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಮೇದೋಜೀರಕದ ಉರಿಯೂತ ಬರುತ್ತದೆ; 2000 ದಾಟಿದವರಲ್ಲಿ 10ರಿಂದ 20 ಮಂದಿಗೆ.

ಕೊಬ್ಬು ಹೀಗೆ ತುಂಬಿದರೆ ಗ್ರಂಥಿ ಏಕೆ ಸುಡಬೇಕು? ಈಗ ಹೆಚ್ಚು ಒಪ್ಪಿಗೆ ಪಡೆದಿರುವ ವಿವರಣೆಯನ್ನು ಅಮೆರಿಕದ ರಿಚರ್ಡ್ ಹೇವಲ್ 1969ರಲ್ಲಿ ಮುಂದಿಟ್ಟರು. ಗ್ರಂಥಿಯಿಂದ ಸ್ವಲ್ಪ ಸೋರಿದ ಲೈಪೇಸ್ ಅಲ್ಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ನಿಂತ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲವನ್ನು ಬಿಡುಗಡೆ ಮಾಡುತ್ತದೆ. ಅಲ್ಪ ಪ್ರಮಾಣದಲ್ಲಿದ್ದರೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಲ್ಬುಮಿನ್ ಸಾಲದಾದಾಗ ಬಿಡಿಯಾಗಿ ಉಳಿದ ಕೊಬ್ಬಿನಾಮ್ಲ ಜೀವಕೋಶಗಳ ಪೊರೆಯನ್ನೂ ರಕ್ತನಾಳದ ಗೋಡೆಯನ್ನೂ ಹಾಳುಮಾಡುತ್ತದೆ. ಹಾಳಾದ ಜೀವಕೋಶಗಳಿಂದ ಇನ್ನಷ್ಟು ಲೈಪೇಸ್ ಹೊರಬರುತ್ತದೆ, ಇನ್ನಷ್ಟು ಕೊಬ್ಬು ಒಡೆಯುತ್ತದೆ. ಕೊಬ್ಬಿನಿಂದ ಮಂದವಾದ ರಕ್ತ ನಿಧಾನವಾಗಿ ಹರಿಯುವುದರಿಂದ ಅಂಗಾಂಶಕ್ಕೆ ಆಮ್ಲಜನಕವೂ ಕಡಿಮೆಯಾಗುತ್ತದೆ. ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗುವುದರಿಂದ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಅದು ತುಂಬಾ ಇಳಿದಿದ್ದರೆ ರೋಗ ಗಂಭೀರವಾಗಿದೆ ಎಂದೇ ಎಣಿಸಬೇಕು. ಕೊಬ್ಬನ್ನು ಬೇಗ ಇಳಿಸಬೇಕು ಎಂಬ ಚಿಕಿತ್ಸೆಯ ತರ್ಕ ನಿಂತಿರುವುದು ಈ ವಿವರಣೆಯ ಮೇಲೆ.

ರೋಗದ ಲಕ್ಷಣ ಉಳಿದ ಕಾರಣಗಳಿಂದ ಬಂದ ಉರಿಯೂತದಂತೆಯೇ ಇರುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಒಂದೇ ಸಮನೆ ಹಿಂಡುವ ನೋವು, ಅದು ಬೆನ್ನಿಗೆ ಹರಿಯುವುದು, ಮುಂದಕ್ಕೆ ಬಾಗಿ ಕುಳಿತರೆ ತುಸು ಹಿತವೆನಿಸುವುದು, ನಿಲ್ಲದ ವಾಂತಿ. 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ನಿಯಮದ ಪ್ರಕಾರ ಮೂರರಲ್ಲಿ ಎರಡು ಇದ್ದರೆ ರೋಗ ಖಚಿತ: ಇಂಥ ನೋವು, ಮಿತಿಯ ಮೂರುಪಟ್ಟಿಗಿಂತ ಏರಿದ ಅಮೈಲೇಸ್ ಅಥವಾ ಲೈಪೇಸ್, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬದಲಾವಣೆ. ಟ್ರೈಗ್ಲಿಸರೈಡ್ 1000 ದಾಟಿದ್ದು ಬೇರೆ ಕಾರಣ ಇಲ್ಲದಿದ್ದರೆ ಅದೇ ಕಾರಣವೆಂದು ಹಿಡಿಯುತ್ತಾರೆ. 500ರಿಂದ 1000ದ ನಡುವೆ ಇದ್ದು, ರೋಗಿ ಆಗಲೇ ಒಂದೆರಡು ದಿನ ಏನೂ ತಿಂದಿಲ್ಲವಾದರೆ ಆಗಲೂ ಅನುಮಾನ ಬಿಡಬಾರದು.

ಇಲ್ಲಿ ಲ್ಯಾಬಿನ ಮಾತಿಗೆ ಕಿವಿಗೊಡುವುದು ಅಗತ್ಯ. ಟ್ರೈಗ್ಲಿಸರೈಡ್ 1000 ದಾಟಿದ ರಕ್ತವನ್ನು ಕೊಳವೆಯಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ದ್ರವ ತಿಳಿ ಹಳದಿಯಾಗಿರದೆ ಹಾಲಿನಂತೆ ಬೆಳ್ಳಗಿರುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಕೈಲೋಮೈಕ್ರಾನ್ ಕೆನೆಯಾಗಿ ಮೇಲೆ ಕಟ್ಟುತ್ತದೆ. ಇಂಥ ಮಾದರಿ ಯಂತ್ರಗಳನ್ನು ದಾರಿ ತಪ್ಪಿಸುತ್ತದೆ: ಅಮೈಲೇಸ್ ನಿಜವಾಗಿ ಏರಿದ್ದರೂ ಸಹಜವೆಂದು ತೋರಬಹುದು, ಸೋಡಿಯಂ ಇರುವುದಕ್ಕಿಂತ ಕಡಿಮೆ ಕಾಣಬಹುದು, ಹಿಮೋಗ್ಲೋಬಿನ್ ಹೆಚ್ಚು ಕಾಣಬಹುದು. ಅದಕ್ಕಾಗಿ ಸಣ್ಣ ಲ್ಯಾಬ್‌ಗಳು ‘ಸ್ಯಾಂಪಲ್ ಸರಿ ಬಂದಿಲ್ಲ, ಮತ್ತೆ ಕಳಿಸಿ’ ಎಂದು ಬರೆಯುವುದುಂಟು. ಹೊಟ್ಟೆನೋವಿನ ರೋಗಿಯ ವಿಷಯದಲ್ಲಿ ಆ ಒಂದು ಸಾಲೇ ರೋಗನಿರ್ಣಯದ ಸುಳಿವು. ರಕ್ತ ಬೆಳ್ಳಗಿತ್ತು ಎಂದು ಲ್ಯಾಬ್ ತಂತ್ರಜ್ಞ ಫೋನಿನಲ್ಲಿ ತಿಳಿಸಿದರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. ಅಮೈಲೇಸ್‌ಗಿಂತ ಲೈಪೇಸ್ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಮೊದಲ ಬಾರಿ ತೆಗೆದ ರಕ್ತದಲ್ಲೇ ಟ್ರೈಗ್ಲಿಸರೈಡ್, ಸಕ್ಕರೆ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಬಿಡಬೇಕು. ದೇವನಕೊಂಡದಂಥ ಊರಿನಿಂದ ರೋಗಿಯನ್ನು ಕರ್ನೂಲಿಗೋ ಬಳ್ಳಾರಿಗೋ ಕಳಿಸುವಾಗ ಒಂದು ಕೊಳವೆ ರಕ್ತ ತೆಗೆದು, ವೇಳೆ ಬರೆದು ಜೊತೆಗೆ ಕಳಿಸಿದರೂ ಸಾಕು. ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ದ್ರವ. ಉರಿಯೂತದಿಂದ ರಕ್ತನಾಳಗಳು ಸೋರಿ, ವಾಂತಿಯೂ ಸೇರಿ, ದೇಹದ ನೀರು ರಕ್ತದಿಂದ ಹೊರಹೋಗುತ್ತದೆ. ಗ್ರಂಥಿಗೆ ರಕ್ತ ಸಾಲದೆ ಇನ್ನಷ್ಟು ಭಾಗ ಸಾಯುತ್ತದೆ, ಮೂತ್ರಪಿಂಡ ಸೋಲುತ್ತದೆ. ಕರ್ನೂಲು ಸೀಮೆಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು ಬಂದವರಿಗೆ ಈ ಕೊರತೆ ಮೊದಲೇ ಇರುತ್ತದೆ. ಹಿಂದೆ ‘ಎಷ್ಟು ಹೆಚ್ಚು ಸಲೈನ್ ಕೊಟ್ಟರೆ ಅಷ್ಟು ಒಳ್ಳೆಯದು’ ಎಂಬ ಪದ್ಧತಿ ಇತ್ತು. ಭಾರತವೂ ಸೇರಿ ನಾಲ್ಕು ದೇಶಗಳ 18 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಪ್ರಯೋಗ ಅದನ್ನು ಸರಿಪಡಿಸಿತು. ಧಾರಾಳವಾಗಿ ದ್ರವ ಕೊಟ್ಟ ಗುಂಪಿನಲ್ಲಿ ನೂರಕ್ಕೆ 20.5 ಮಂದಿಗೆ ದೇಹದಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು. ಮಿತವಾಗಿ ಕೊಟ್ಟವರಲ್ಲಿ 6.3 ಮಂದಿಗೆ ಮಾತ್ರ. ರೋಗ ತೀವ್ರವಾಗುವುದನ್ನು ಹೆಚ್ಚಿನ ದ್ರವ ತಡೆಯಲಿಲ್ಲ. ಆ ಮಿತದ ಲೆಕ್ಕ ಹೀಗಿದೆ: 60 ಕಿಲೋ ತೂಕದ ರೋಗಿಯಲ್ಲಿ ದ್ರವದ ಕೊರತೆ ಕಂಡರೆ ಎರಡು ಗಂಟೆಯಲ್ಲಿ 600 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್, ಆಮೇಲೆ ಗಂಟೆಗೆ 90 ಮಿಲಿಲೀಟರ್. ಮೂತ್ರ, ನಾಡಿ, ಉಸಿರು ನೋಡಿಕೊಂಡು ಅದನ್ನು ಏರಿಸಬೇಕು ಅಥವಾ ಇಳಿಸಬೇಕು. ಬಾಟಲಿಗಳ ಎಣಿಕೆಗಿಂತ ಮೂತ್ರದ ಅಳತೆ ಮುಖ್ಯ.

ನೋವಿಗೆ ಪ್ಯಾರಾಸಿಟಮಾಲ್, ಸಾಲದಿದ್ದರೆ ಟ್ರಮಡಾಲ್ ಅಥವಾ ಫೆಂಟನಿಲ್. ನೀರು ಒಣಗಿದ ದೇಹಕ್ಕೆ ಮೇಲಿಂದ ಮೇಲೆ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಹಳ್ಳಿಗಳಲ್ಲಿ ನೋವಿಗೆ ಮೊದಲು ಸಿಗುವುದು ಅದೇ ಆದ್ದರಿಂದ ಈ ಎಚ್ಚರ ಅಗತ್ಯ. ಆಂಟಿಬಯೋಟಿಕ್ ಸೋಂಕು ಇದ್ದರೆ ಮಾತ್ರ. ಮುಂಜಾಗ್ರತೆಗೆಂದು ಕೊಟ್ಟರೆ ಉಪಯೋಗವಿಲ್ಲ.

ಊಟ ನಿಲ್ಲಿಸುವುದು ಈ ಬಗೆಯ ಉರಿಯೂತದಲ್ಲಿ ವಿಶ್ರಾಂತಿಯಷ್ಟೇ ಅಲ್ಲ, ಅದೇ ಔಷಧ. ಬಾಯಿಂದ ಕೊಬ್ಬು ಹೋಗದಿದ್ದರೆ ಹೊಸ ಕೈಲೋಮೈಕ್ರಾನ್ ಹುಟ್ಟುವುದಿಲ್ಲ. ಇದ್ದದ್ದು ಕರಗುತ್ತಾ ಬಂದು ಎರಡು ದಿನಗಳಲ್ಲಿ ಟ್ರೈಗ್ಲಿಸರೈಡ್ ಗಣನೀಯವಾಗಿ ಇಳಿಯುತ್ತದೆ. ನೋವು, ವಾಂತಿ ಕಡಿಮೆಯಾದೊಡನೆ ಬಹುಬೇಗ ಕೊಬ್ಬಿಲ್ಲದ ಮೆತ್ತನೆಯ ಆಹಾರ ಶುರು ಮಾಡಬೇಕು. ವಾರಗಟ್ಟಲೆ ಉಪವಾಸ ಇರಿಸುವ ಹಳೆಯ ಕ್ರಮದಿಂದ ಕರುಳಿನ ಗೋಡೆ ದುರ್ಬಲವಾಗಿ ಸೋಂಕು ಹೆಚ್ಚುತ್ತದೆ.

ಇನ್ಸುಲಿನ್ ಈ ಚಿಕಿತ್ಸೆಯ ಮುಖ್ಯ ಔಷಧ. ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದ್ದು ಮೇದೋಜೀರಕದಿಂದಲೇ. ಸಕ್ಕರೆ ಇಳಿಸುವುದಕ್ಕೆ ಹೆಸರಾದ ಈ ಹಾರ್ಮೋನು ಕೊಬ್ಬಿನ ವಿಷಯದಲ್ಲಿ ಎರಡು ಕೆಲಸ ಮಾಡುತ್ತದೆ. ಲೈಪೋಪ್ರೋಟೀನ್ ಲೈಪೇಸನ್ನು ಚುರುಕುಗೊಳಿಸಿ ರಕ್ತದ ಕೊಬ್ಬನ್ನು ಒಡೆಯಿಸುತ್ತದೆ. ದೇಹದಲ್ಲಿ ಶೇಖರವಾದ ಕೊಬ್ಬು ಕರಗಿ ಕೊಬ್ಬಿನಾಮ್ಲವಾಗಿ ರಕ್ತಕ್ಕೆ ಬರುವುದನ್ನು ತಡೆಯುತ್ತದೆ. ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 0.1 ಯೂನಿಟ್, ರಕ್ತನಾಳದ ಮೂಲಕ, ಸಿರಿಂಜ್ ಪಂಪಿನಲ್ಲಿ. 60 ಕಿಲೋ ತೂಕದವರಿಗೆ ಗಂಟೆಗೆ 6 ಯೂನಿಟ್, ದಿನಕ್ಕೆ 144. ನಮ್ಮಲ್ಲಿ ಸಿಗುವ 10 ಮಿಲಿಲೀಟರಿನ, ಮಿಲಿಲೀಟರಿಗೆ 40 ಯೂನಿಟ್‌ನ ಒಂದು ಸೀಸೆಯಲ್ಲಿ 400 ಯೂನಿಟ್ ಇರುತ್ತದೆ. ಅಂದರೆ ಇಡೀ ಚಿಕಿತ್ಸೆಗೆ ಒಂದೆರಡು ಸೀಸೆ ಸಾಕು. ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇನ್ಸುಲಿನ್ ಇದೆ. ಔಷಧಕ್ಕಿಂತ ದೊಡ್ಡ ಖರ್ಚು ಅದನ್ನು ಕಾಯುವ ಕಣ್ಣುಗಳದು.

ಆ ಕಾವಲು ಕಟ್ಟುನಿಟ್ಟಾಗಿರಬೇಕು. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಸಕ್ಕರೆ 200ರ ಹತ್ತಿರ ಇಳಿದರೆ, ಅಥವಾ ಮೊದಲಿಂದಲೂ ಸಹಜವಾಗಿದ್ದರೆ, ಜೊತೆಗೆ ಡೆಕ್ಸ್‌ಟ್ರೋಸ್ ಹನಿಸಬೇಕು. ಇಲ್ಲದಿದ್ದರೆ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ. ಇನ್ಸುಲಿನ್ ಪೊಟ್ಯಾಸಿಯಮನ್ನು ಜೀವಕೋಶದೊಳಗೆ ತಳ್ಳುವುದರಿಂದ ಅದನ್ನೂ ನಾಲ್ಕಾರು ಗಂಟೆಗೊಮ್ಮೆ ಪರೀಕ್ಷಿಸಬೇಕು. ಟ್ರೈಗ್ಲಿಸರೈಡನ್ನು 12 ಗಂಟೆಗೊಮ್ಮೆ ನೋಡಿ, 500ಕ್ಕಿಂತ ಕೆಳಗೆ ಬಂದಾಗ ನಿಲ್ಲಿಸಬಹುದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತ ಆಮ್ಲೀಯವಾದ ಸ್ಥಿತಿಯಲ್ಲಿ ಈ ಉರಿಯೂತ ಬಂದಿದ್ದರೆ ಇನ್ಸುಲಿನ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಸಕ್ಕರೆ ಸಹಜವಾಗಿರುವ ಸೌಮ್ಯ ರೋಗಿಯಲ್ಲಿ ಮಾತ್ರ ಉಪವಾಸವೊಂದೇ ಬಹುಪಾಲು ಕೆಲಸ ಮಾಡುತ್ತದೆ. ಇನ್ಸುಲಿನ್‌ನಿಂದ ಹೆಚ್ಚಿನ ಲಾಭವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಕಡಿಮೆ. ಗಂಟೆಗೊಮ್ಮೆ ಸಕ್ಕರೆ ನೋಡಲು ನರ್ಸ್ ಇಲ್ಲದ ವಾರ್ಡಿನಲ್ಲಿ, ಸಹಜ ಸಕ್ಕರೆಯ ರೋಗಿಗೆ ಇನ್ಸುಲಿನ್ ಹನಿಸುವುದಕ್ಕಿಂತ ಉಪವಾಸವೇ ಕ್ಷೇಮ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಕತೆ ಬೇರೆ. ಅದನ್ನು ಕೊಟ್ಟ ನಾಯಿಗಳ ಕೊಬ್ಬು ತುಂಬಿದ ರಕ್ತ ಕ್ಷಣಗಳಲ್ಲಿ ತಿಳಿಯಾಗುವುದನ್ನು ವಿಜ್ಞಾನಿ ಪಾಲ್ ಹಾನ್ 1943ರಲ್ಲಿ ಕಂಡರು. ರಕ್ತನಾಳದ ಗೋಡೆಗೆ ಅಂಟಿಕೊಂಡ ಲೈಪೋಪ್ರೋಟೀನ್ ಲೈಪೇಸನ್ನು ಹೆಪಾರಿನ್ ಬಿಡಿಸಿ ರಕ್ತಕ್ಕೆ ತರುತ್ತದೆ. ಬಹಳ ವರ್ಷ ಇದನ್ನು ಇನ್ಸುಲಿನ್ ಜೊತೆ ಕೊಡುತ್ತಿದ್ದರು. ಆದರೆ ಗೋಡೆಯಿಂದ ಬಿಟ್ಟ ಕಿಣ್ವ ಬೇಗ ನಾಶವಾಗುತ್ತದೆ, ಸಂಗ್ರಹ ಖಾಲಿಯಾಗುತ್ತದೆ, ಇಳಿದ ಟ್ರೈಗ್ಲಿಸರೈಡ್ ಮತ್ತೆ ಏರಬಹುದು. ಊದಿಕೊಂಡ ಗ್ರಂಥಿಯಲ್ಲಿ ರಕ್ತಸ್ರಾವದ ಭಯವೂ ಇದೆ. ಟ್ರೈಗ್ಲಿಸರೈಡ್ ಇಳಿಸಲೆಂದೇ ಹೆಪಾರಿನ್ ಕೊಡುವ ಪದ್ಧತಿಯನ್ನು ಈಗ ಬಿಡುವುದೇ ಸರಿ.

ಪ್ಲಾಸ್ಮಾ ಬದಲಾವಣೆ ನೋಡಲು ಬಹಳ ಆಕರ್ಷಕ ಚಿಕಿತ್ಸೆ. ಯಂತ್ರದ ಮೂಲಕ ರಕ್ತ ಹರಿಸಿ, ಹಾಲಿನಂಥ ಪ್ಲಾಸ್ಮಾವನ್ನು ತೆಗೆದು, ಅದರ ಬದಲು ಆಲ್ಬುಮಿನ್ ಅಥವಾ ದಾನಿಗಳ ಪ್ಲಾಸ್ಮಾ ತುಂಬುತ್ತಾರೆ. ಒಂದೇ ಸರದಿಯಲ್ಲಿ ಟ್ರೈಗ್ಲಿಸರೈಡ್ ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. 1978ರಿಂದ ಇದರ ವರದಿಗಳಿವೆ. ಸಂಖ್ಯೆ ಬೇಗ ಇಳಿದರೆ ರೋಗಿಯೂ ಬೇಗ ಗುಣವಾಗಬೇಕು ಎಂದು ಅನಿಸುವುದು ಸಹಜ. ಆದರೆ ಚೀನಾದ ಹಲವು ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗನೆ ಪ್ಲಾಸ್ಮಾ ಬದಲಿಸಿಕೊಂಡವರ ಅಂಗವೈಫಲ್ಯ ಕಡಿಮೆಯಾಗಲಿಲ್ಲ. ಐಸಿಯು ಬಳಕೆ ಮಾತ್ರ ಹೆಚ್ಚಿತು. ಕುತ್ತಿಗೆ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ ಸೋಂಕು, ರಕ್ತಹೆಪ್ಪು, ದಾನಿ ಪ್ಲಾಸ್ಮಾದಿಂದ ಅಲರ್ಜಿ ಇವೆಲ್ಲ ಅದರ ಜೊತೆಗೇ ಬರುವ ಅಪಾಯಗಳು. ಅಂಗಾಂಗ ಸೋಲುತ್ತಿರುವ, ರಕ್ತದ ಆಮ್ಲೀಯತೆ ಏರುತ್ತಿರುವ, ಕ್ಯಾಲ್ಸಿಯಂ ಕುಸಿದ ರೋಗಿಗೆ, ಇನ್ಸುಲಿನ್‌ಗೆ ಬಗ್ಗದ ಮಟ್ಟವಿದ್ದಾಗ ಅದನ್ನು ಯೋಚಿಸಬಹುದು. ಅದಿಲ್ಲದ ಆಸ್ಪತ್ರೆಯಲ್ಲಿ ಸೇರಿದ್ದಕ್ಕೆ ಕುಟುಂಬ ಮರುಗಬೇಕಾಗಿಲ್ಲ. ಯಂತ್ರ ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ರಾತ್ರಿಯಿಡೀ ಪ್ರಯಾಣಿಸುವ ನಡುವೆ ದ್ರವ, ಇನ್ಸುಲಿನ್ ನಿಂತುಹೋಗುವುದು ಹೆಚ್ಚು ಹಾನಿಕರ. ಜಮೀನು ಅಡವಿಟ್ಟು ಇಂಥ ಚಿಕಿತ್ಸೆ ಕೊಡಿಸಲು ಹೊರಟವರಿಗೆ ವೈದ್ಯರು ಈ ಮಾತನ್ನು ಬಿಡಿಸಿ ಹೇಳಬೇಕು.

ಹೆಚ್ಚಿನ ರೋಗಿಗಳಲ್ಲಿ ಉರಿಯೂತ ಸೌಮ್ಯವಾಗಿದ್ದು ವಾರದೊಳಗೆ ಶಮನವಾಗುತ್ತದೆ. ಅಂಗವೈಫಲ್ಯ 48 ಗಂಟೆ ದಾಟಿದರೆ ಮಾತ್ರ ಅದನ್ನು ತೀವ್ರ ರೋಗವೆನ್ನುತ್ತಾರೆ, ಅಲ್ಲಿ ಸಾವಿನ ಪ್ರಮಾಣ ಏರುತ್ತದೆ. ಗ್ರಂಥಿಯ ಸತ್ತ ಭಾಗಕ್ಕೆ ಸೋಂಕು ತಗುಲಿದರೂ ಶಸ್ತ್ರಚಿಕಿತ್ಸೆಗೆ ಅವಸರ ಕೂಡದು. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊದಲು ಕೊಳವೆಯಿಂದ ಕೀವು ಹರಿಸಿ, ಸಾಲದಿದ್ದರೆ ಮುಂದಿನ ಹಂತಕ್ಕೆ ಹೋದವರು ನೇರವಾಗಿ ಹೊಟ್ಟೆ ತೆರೆಸಿಕೊಂಡವರಿಗಿಂತ ಕಡಿಮೆ ತೊಂದರೆ ಅನುಭವಿಸಿದರು. ಸಾಧ್ಯವಾದರೆ ನಾಲ್ಕು ವಾರ ಕಾಯುವುದು ಈಗಿನ ರೂಢಿ.

ಗರ್ಭಿಣಿಯ ಹೊಟ್ಟೆನೋವಿಗೆ ಬೇರೆಯೇ ಎಚ್ಚರ ಬೇಕು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಈಸ್ಟ್ರೋಜೆನ್ ಪ್ರಭಾವದಿಂದ ಟ್ರೈಗ್ಲಿಸರೈಡ್ ಎರಡರಿಂದ ನಾಲ್ಕುಪಟ್ಟು ಏರುವುದು ಸಹಜ. ಮೊದಲೇ ಮಟ್ಟ ಹೆಚ್ಚಿದ್ದ ಹೆಣ್ಣಿನಲ್ಲಿ ಈ ಏರಿಕೆ ಸಾವಿರ ದಾಟಿಬಿಡುತ್ತದೆ. ನೋವನ್ನು ಹೆರಿಗೆ ನೋವೆಂದೋ ಗ್ಯಾಸೆಂದೋ ತಿಳಿದು ದಿನ ಕಳೆದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಇಲ್ಲಿ ಉಪವಾಸ, ದ್ರವ, ಇನ್ಸುಲಿನ್ ಎಲ್ಲವೂ ಸುರಕ್ಷಿತ. ಪ್ಲಾಸ್ಮಾ ಬದಲಾವಣೆಗೂ ಉಳಿದವರಿಗಿಂತ ಹೆಚ್ಚು ಜಾಗವಿದೆ. ಹೆರಿಗೆಯಾದ ಮೇಲೆ ಮಟ್ಟ ತಾನೇ ಇಳಿಯುತ್ತದೆ, ಆದರೆ ಮುಂದಿನ ಬಸಿರಿನಲ್ಲಿ ಮತ್ತೆ ಏರುತ್ತದೆ. ಆದ್ದರಿಂದ ಈ ತಾಯಿಯ ಕಾರ್ಡಿನ ಮೇಲೆ ಆ ಸಂಖ್ಯೆ ಬರೆದಿರಬೇಕು, ಮುಂದಿನ ಬಾರಿ ಆಶಾ ಕಾರ್ಯಕರ್ತೆಗೂ ಅದು ಗೊತ್ತಿರಬೇಕು.

ಆಸ್ಪತ್ರೆಯಿಂದ ಹೊರಬಂದ ಮೇಲಿನ ಚಿಕಿತ್ಸೆಗೆ ಕೊನೆಯ ದಿನ ಎಂಬುದಿಲ್ಲ. ಮಟ್ಟವನ್ನು 500ರ ಕೆಳಗೆ ಇಡುವುದು ಗುರಿ. ಅದಕ್ಕೆ ಫೆನೋಫೈಬ್ರೇಟ್ ಮೊದಲ ಮಾತ್ರೆ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು ಅಥವಾ ಬಿಡಬೇಕು. ದಿನಕ್ಕೆ 4 ಗ್ರಾಂ ಒಮೇಗಾ-3 ಮತ್ತಷ್ಟು ಇಳಿಸುತ್ತದೆ. ಹೃದಯದ ರಕ್ಷಣೆಗೆ ಸ್ಟ್ಯಾಟಿನ್ ಬೇಕಾಗಬಹುದು, ಆದರೆ ಅದೊಂದೇ ಈ ಕಾಯಿಲೆಗೆ ಸಾಲದು. ಮದ್ಯ ಪೂರ್ತಿ ನಿಲ್ಲಬೇಕು, ಕಳ್ಳೂ ಸೇರಿ. ಥೈರಾಯ್ಡ್ ಕೊರತೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ ಇದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಸ್ಟಿರಾಯ್ಡ್, ಈಸ್ಟ್ರೋಜೆನ್ ಇರುವ ಮಾತ್ರೆ, ಟ್ಯಾಮೊಕ್ಸಿಫೆನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮನೋರೋಗಕ್ಕೆ ಕೊಡುವ ಓಲಾಂಜಪಿನ್, ಕ್ಲೋಜಪಿನ್ ಇವು ಟ್ರೈಗ್ಲಿಸರೈಡ್ ಏರಿಸಬಲ್ಲವು. ತಾವಾಗಿ ನಿಲ್ಲಿಸದೆ, ಬರೆದ ವೈದ್ಯರಿಗೆ ಹೇಳಿ ಬದಲಿ ಕೇಳಬೇಕು.

ಭಾರತದಲ್ಲಿ ಈ ಕೊಬ್ಬು ಏರುವುದು ಅಪರೂಪವಲ್ಲ. ಇಂಡಿಯಾಬ್ ಎಂಬ ದೊಡ್ಡ ಸಮೀಕ್ಷೆ ಮೂರು ರಾಜ್ಯಗಳು ಮತ್ತು ಚಂಡೀಗಢದಲ್ಲಿ ನಡೆಸಿದ ಮೊದಲ ಹಂತದಲ್ಲಿ ನೂರಕ್ಕೆ 29.5 ಮಂದಿಯ ಟ್ರೈಗ್ಲಿಸರೈಡ್ ಮಿತಿ ಮೀರಿತ್ತು. ಹೆಚ್ಚಿನವರದು 200, 300ರ ಮಟ್ಟ. ಅದರಿಂದ ಉರಿಯೂತ ಬರುವುದಿಲ್ಲ. ಅಂಥವರಲ್ಲಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ, ಕುಡಿತ ಹೆಚ್ಚಿದರೆ ಸಾವಿರಕ್ಕೆ ಜಿಗಿಯುತ್ತದೆ.

ಊಟದ ಮಾತು ಈ ಸೀಮೆಯಲ್ಲಿ ಶೇಂಗಾದಿಂದ ಶುರುವಾಗಬೇಕು. ಶೇಂಗಾ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. 50 ಗ್ರಾಂ ಹುರಿದ ಬೀಜದಲ್ಲಿ ಸುಮಾರು 25 ಗ್ರಾಂ ಕೊಬ್ಬಿರುತ್ತದೆ. ಆರೋಗ್ಯವಂತರಿಗೆ ಅದು ಒಳ್ಳೆಯ ಆಹಾರ. ಆದರೆ ಇನ್ನೂ ಸಾವಿರದ ಮೇಲಿರುವವರಿಗೆ ಒಟ್ಟು ಶಕ್ತಿಯ ಶೇಕಡಾ 15ಕ್ಕಿಂತ ಕಡಿಮೆ ಕೊಬ್ಬು ಎಂದರೆ ದಿನಕ್ಕೆ 30 ಗ್ರಾಂ ಆಸುಪಾಸು. ಶೇಂಗಾ ಪುಡಿ, ಎಣ್ಣೆ ತೇಲುವ ಸಾರು, ಉಗ್ಗಾಣಿಯ ಜೊತೆಯ ಮೆಣಸಿನಕಾಯಿ ಬಜ್ಜಿ ಸೇರಿದರೆ ಬೆಳಗಿನಲ್ಲೇ ಆ ಪಾಲು ಮುಗಿಯುತ್ತದೆ. ಎಣ್ಣೆ ಬಿಟ್ಟು ಅದರ ಜಾಗದಲ್ಲಿ ಅನ್ನ, ಬೆಲ್ಲ, ಸಿಹಿ ಟೀ ಹೆಚ್ಚಿಸಿದರೆ ಯಕೃತ್ತು ಅದನ್ನೇ ಟ್ರೈಗ್ಲಿಸರೈಡ್ ಮಾಡಿಕೊಡುತ್ತದೆ. ಎಣ್ಣೆಯಿಲ್ಲದೆ ಬಡಿಯುವ ಜೋಳದ ರೊಟ್ಟಿ, ನವಣೆ, ಬೇಳೆ, ಸೊಪ್ಪು, ಕೆನೆ ತೆಗೆದ ಮಜ್ಜಿಗೆ ಈ ನಾಡಿನ ಹಳೆಯ ಊಟ. ಈ ರೋಗಿಗೆ ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಈ ಹಳ್ಳಿಗಳಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಅಲ್ಲಿ ಮಾತ್ರೆ ತಪ್ಪುತ್ತದೆ, ಊಟ ಬದಲಾಗುತ್ತದೆ. ಡಿಸ್ಚಾರ್ಜ್ ಚೀಟಿಯ ನಕಲನ್ನು ಜೊತೆಗಿಟ್ಟುಕೊಂಡರೆ ಬೇರೆ ಊರಿನ ವೈದ್ಯರು ಮೊದಲ ಗಂಟೆಯಲ್ಲೇ ಸರಿಯಾದ ಪರೀಕ್ಷೆ ಮಾಡಿಸುತ್ತಾರೆ.

ಕೆಲವರಲ್ಲಿ ಕಾರಣ ಹುಟ್ಟಿನಿಂದಲೇ ಇರುತ್ತದೆ. ಲೈಪೋಪ್ರೋಟೀನ್ ಲೈಪೇಸ್ ತಯಾರಿಸುವ ಜೀನು ಎಂಟನೆಯ ವರ್ಣತಂತುವಿನಲ್ಲಿದೆ. ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಗುವಿಗೆ ಕಿಣ್ವವೇ ಇರುವುದಿಲ್ಲ. ಬ್ಯುರ್ಗರ್ ಮತ್ತು ಗ್ರ್ಯುಟ್ಜ್ ಎಂಬ ವೈದ್ಯರು 1932ರಲ್ಲಿ ಇಂಥ ರೋಗಿಯನ್ನು ಬಣ್ಣಿಸಿದರು. ಕಿಣ್ವದ ಕೊರತೆಯನ್ನು ಹೇವಲ್ ಮತ್ತು ಗಾರ್ಡನ್ 1960ರಲ್ಲಿ ತೋರಿಸಿದರು. ಜಗತ್ತಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಆದರೆ ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ರೂಢಿಯಿರುವಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದ ಬರುವ ಸಾಧ್ಯತೆ ಹೆಚ್ಚುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕ ಮತ್ತು ಆಂಧ್ರ ಎರಡರಲ್ಲೂ ನಾಲ್ಕು ಮದುವೆಗಳಲ್ಲಿ ಸುಮಾರು ಒಂದು ರಕ್ತಸಂಬಂಧದೊಳಗಿನದು. ಎದೆಹಾಲು ಕುಡಿಯುವ ಮಗುವಿನ ರಕ್ತ ಪರೀಕ್ಷೆಗೆ ತೆಗೆದಾಗ ಗುಲಾಬಿ ಬಣ್ಣದ ಹಾಲಿನಂತಿದ್ದರೆ, ಮೈಮೇಲೆ ಹಳದಿ ಸಣ್ಣ ಗುಳ್ಳೆಗಳು ಎದ್ದಿದ್ದರೆ, ಹೊಟ್ಟೆ ಊದಿಕೊಂಡು ಪದೇಪದೇ ಅಳುತ್ತಿದ್ದರೆ ಈ ರೋಗ ನೆನಪಾಗಬೇಕು. ಇಂಥವರಿಗೆ ಫೆನೋಫೈಬ್ರೇಟ್ ಹೆಚ್ಚು ಕೆಲಸ ಮಾಡುವುದಿಲ್ಲ; ದೊಡ್ಡವರಾದ ಮೇಲೂ ದಿನಕ್ಕೆ 15ರಿಂದ 20 ಗ್ರಾಂಗಿಂತ ಕಡಿಮೆ ಕೊಬ್ಬಿನ ಊಟವೇ ಮುಖ್ಯ ಚಿಕಿತ್ಸೆ.

ಈ ಅಪರೂಪದ ಕಾಯಿಲೆಗಾಗಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಮೊದಲ ಜೀನ್ ಚಿಕಿತ್ಸೆ ಗ್ಲೈಬೆರಾ 2012ರಲ್ಲಿ ಬಂತು. ಬೆಲೆ ಹತ್ತು ಲಕ್ಷ ಯೂರೋ ಆಸುಪಾಸಿನಲ್ಲಿದ್ದುದರಿಂದ ಕೊಳ್ಳುವವರಿಲ್ಲದೆ 2017ರಲ್ಲಿ ನಿಂತುಹೋಯಿತು. ಲೈಪೋಪ್ರೋಟೀನ್ ಲೈಪೇಸನ್ನು ತಡೆಯುವ ಎಪೋಸಿ-3 ಎಂಬ ಪ್ರೋಟೀನು ತಯಾರಾಗದಂತೆ ಮಾಡುವ ಓಲೆಜಾರ್ಸೆನ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಇಂಥ ಔಷಧ ಒಂದು ಹಳ್ಳಿಯ ಮನೆಗೆ ತಲುಪುವವರೆಗೆ ಊಟದ ಲೆಕ್ಕವೇ ಕಾಯಬೇಕು.

ಒಮ್ಮೆ ಈ ಉರಿಯೂತ ಅನುಭವಿಸಿದವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿಕೊಳ್ಳಲಿ. ಮನೆಯಲ್ಲಿ ಬಸುರಿ ಇದ್ದರೆ ಆಕೆಯದು ಮೊದಲು ಆಗಲಿ. ಇದಕ್ಕೆ ಕರ್ನೂಲಿಗೋ ಬಳ್ಳಾರಿಗೋ ಹೋಗಬೇಕಿಲ್ಲ, ತಾಲ್ಲೂಕು ಮಟ್ಟದ ಸಾಮಾನ್ಯ ಲ್ಯಾಬಿನಲ್ಲೇ ಈ ಪರೀಕ್ಷೆ ಆಗುತ್ತದೆ.